ಕಿಸೆ ಹೊಲಿದವಳು

ಹೌದು, ಆ ಸಿನಿಮಾದ ಕಿಸೆಗಳನ್ನೆಲ್ಲ ಹೊಲಿದವಳು ನಾನೇ.
ಪರದೆಯ ಮೇಲೆ ಹೆಸರು ಹಾಕಲಿಲ್ಲ; ಹಾಕುವ ರೂಢಿಯೂ ಇರಲಿಲ್ಲ.
ಕೋಟಿನವನ ಹೆಸರು ಬಂತು, ಟೋಪಿಯವನದೂ ಬಂತು.
ಕಿಸೆ ಅಂದರೆ ಏನು ಮಹಾ,
ಬಟ್ಟೆಯೊಳಗೆ ಒಂದಿಷ್ಟು ಖಾಲಿ.

ಬಿಯಾಂಕೂರಿನ ಸ್ಟುಡಿಯೋ, ಐವತ್ತೆಂಟರ ಚಳಿಗಾಲ.
ಸೇನ್ ನದಿಯ ತೇವ ಗೋಡೆಯ ಮೇಲೆ ನಕಾಶೆ ಬರೆದಿತ್ತು.
ಕಲ್ಲಿದ್ದಲ ಒಲೆಯ ಪಕ್ಕ ನನ್ನ ಮೆಶೀನು,
ಸೀಮೆಸುಣ್ಣ, ಅಂಗುಸ್ತಾನ, ಅರ್ಧ ಕುಡಿದಿಟ್ಟ ಚಿಕೋರಿ ಕಾಫಿ.
ನಿರ್ದೇಶಕ ಬಂದ. ಗುಂಡು ಮನುಷ್ಯ, ಬೆಳ್ಳುಳ್ಳಿ ಸಾಸೇಜಿನ ಉಸಿರು.
"ಮದಾಮ್ ಸಿಡೋನಿ, ಬಿಟ್ಟುಕೊಡುವ ಕಿಸೆ ಬೇಕು ನನಗೆ.
ಪಾಕೀಟು ಹೊರಬರುವಾಗ
ನಿದ್ದೆಯಲ್ಲಿ ಮಗು ಮಗ್ಗುಲಾದಷ್ಟೇ ಸದ್ದು."

ಇಪ್ಪತ್ತು ವರ್ಷ ನಾನು ಹೊಲಿದದ್ದು ಹಿಡಿದಿಡುವ ಕಿಸೆ:
ಗಾರೆಯವನ ಅಳತೆಪಟ್ಟಿಗೆ, ಕಾವಲುಗಾರನ ಬೀಗದ ಕೈಗೆ,
ವಿಧವೆಯ ಜಪಸರಕ್ಕೆ.
ಮೂಲೆಗೆ ಎರಡು ಸುತ್ತು ದಾರ, ಬಾಯಿಗೆ ಅಡ್ಡಹೊಲಿಗೆ.
ಈಗ ಮೊದಲ ಸಲ
ಕಿಸೆಗೆ ದ್ರೋಹ ಕಲಿಸಬೇಕಿತ್ತು.

ಅಸ್ತರಿಗೆ ರೇಷ್ಮೆ ಹಾಕಿದೆ, ಬಾಯನ್ನು ಎರಡು ಬೆರಳು ಅಗಲಿಸಿದೆ,
ಒಳಗೆಲ್ಲ ಪೌಡರು ತಿಕ್ಕಿ, ತಳವನ್ನು ಓರೆಯಾಗಿ ಕತ್ತರಿಸಿದೆ.
ಕಳ್ಳನ ಪಾತ್ರದ ಹುಡುಗ ಅನ್ಸೆಲ್ಮ್, ಉಗುರು ಕಚ್ಚುವ ಚಟದವ,
ಮರದ ಬೊಂಬೆಗೆ ಕೋಟು ತೊಡಿಸಿ ಇಡೀ ಮಧ್ಯಾಹ್ನ ಕದ್ದ.
ಕದ್ದ, ಬೀಳಿಸಿದ, ಮತ್ತೆ ಕದ್ದ.
ಬೊಂಬೆ ಅಲುಗಿತು. ಅವನ ಕಿವಿ ಕೆಂಪಾಯಿತು.

"ಕೈಯಿಂದ ಕದಿಯಬೇಡ ಮಗು," ಅಂದುಬಿಟ್ಟೆ,
"ಭುಜದಿಂದ ಕದಿ. ಮೊದಲು ಭುಜ ತಾಗಲಿ,
ಕ್ಷಮಿಸಿ ಅನ್ನು.
ಕ್ಷಮೆ ಕೇಳುವವನ ಕೈಯನ್ನು
ಯಾರೂ ನೋಡುವುದಿಲ್ಲ."

ಕೋಣೆ ಸುಮ್ಮನಾಯಿತು. ಮೆಶೀನಿನ ಗಾಲಿ ಮಾತ್ರ
ತಾನಾಗಿ ಒಂದು ಸುತ್ತು ತಿರುಗಿ ನಿಂತಿತು.
"ಎಲ್ಲಿ ಕಲಿತಿರಿ?" ಅಂದ ನಿರ್ದೇಶಕ, ನಗುತ್ತ.
ನಾನೂ ನಕ್ಕೆ. ದಾರವನ್ನು ಹಲ್ಲಲ್ಲಿ ಕಡಿದೆ.

ಎಲ್ಲಿ ಅಂದರೆ,
ನಲವತ್ತೆರಡರ ಫೆಬ್ರವರಿ, ಮೆನಿಲ್‌ಮೊಂತಾಂ ಏರು, ಬ್ರೆಡ್ಡಿನ ಸಾಲು.
ಬೆಳಗಿನ ಆರು, ಮಾತಾಡಿದರೆ ಬಾಯಲ್ಲಿ ಹೊಗೆ,
ತೊಗಲು ಸಿಗದೆ ಎಲ್ಲರ ಕಾಲಿಗೂ ಮರದ ಅಟ್ಟೆ.
ಮುಂದೆ ಮದಾಮ್ ಲೆ ಗೋಫ್, ಕಡಲ ಕಡೆಯ ಹೆಂಗಸು,
ಬೂದು ಕೋಟು. ಬಲಗಿಸೆಯ ಬಾಯಲ್ಲಿ
ರೇಶನ್ ಚೀಟಿ ನಾಲಗೆ ಚಾಚಿತ್ತು, ಇಡೀ ತಿಂಗಳದ್ದು.
ಮನೆಯಲ್ಲಿ ತಮ್ಮನಿಗೆ ಮೂರು ದಿನದಿಂದ
ಗಡ್ಡೆ ಬೇಯಿಸಿದ ನೀರು.
ಭುಜ ತಾಗಿತು. ಕ್ಷಮಿಸಿ ಅಂದೆ.
ಅವಳು ತಿರುಗಿ ನನ್ನ ಮೊಣಕೈ ಹಿಡಿದಳು:
"ಹುಷಾರು ಮಗಳೇ, ಹಿಮ ಜಾರುತ್ತದೆ."

ತಮ್ಮ ತಿಂದ. ಅದೂ ನಿಜ.

ವಾರದ ಮೇಲೆ ಅದೇ ಕೋಟು ನನ್ನ ಮೇಜಿನ ಮೇಲೆ.
"ಕಿಸೆ ತೂತಾಗಿರಬೇಕು ನೋಡು, ಚೀಟಿ ಎಲ್ಲೋ ಉದುರಿತು."
ಒಳಗೆ ಕೈ ಹಾಕಿ ತಡವಿದೆ. ಮೂಲೆ ಮೂಲೆ ತಡವಿದೆ.
ತೂತಿರಲಿಲ್ಲ.
"ಹೌದು," ಅಂದೆ, "ಇಲ್ಲಿದೆ."
ಬೆನ್ನು ತಿರುಗಿಸಿ, ಕತ್ತರಿಯ ತುದಿಯಿಂದ ಒಂದು ಮಾಡಿ,
ಆಮೇಲೆ ಅವಳೆದುರೇ ಹೊಲಿದುಕೊಟ್ಟೆ. ಮೂರು ಸುತ್ತು ದಾರ.
ದುಡ್ಡು ತೆಗೆದುಕೊಳ್ಳಲಿಲ್ಲ.
ಒಳ್ಳೆಯ ಹುಡುಗಿ, ಅಂದಳು.

ಸಿನಿಮಾ ಬಂದಾಗ ಬೆಲ್‌ವಿಲ್ಲಿನ ಟಾಕೀಸಿಗೆ ಒಬ್ಬಳೇ ಹೋದೆ.
ಜನ ಹುಡುಗನ ಮುಖ ನೋಡಿದರು. ನಾನು ಕಿಸೆ ನೋಡಿದೆ.
ಅಂಚೆ ಕಚೇರಿಯ ಸಾಲು, ನರೆಗೂದಲಿನ ಗಂಡಸು, ನನ್ನ ರೇಷ್ಮೆ.
ಭುಜ ತಾಗಿತು. ಕ್ಷಮಿಸಿ ಅಂದ.
ಮಗು ಮಗ್ಗುಲಾಯಿತು.
ಹಿಂದಿನ ಸಾಲಲ್ಲಿ ಯಾರೋ ಭಲೇ ಅಂದರು.

ಕೊನೆಗೆ ಸಿಕ್ಕಿಬೀಳುತ್ತಾನೆ. ಸಿನಿಮಾದಲ್ಲಿ ಬೀಳಲೇಬೇಕಲ್ಲ.
ಕೈಕೋಳ, ಪೊಲೀಸು ವ್ಯಾನು, ಪಿಟೀಲು.
ಜನ ಕಣ್ಣೊರೆಸಿಕೊಂಡು ಎದ್ದು ಕೋಟು ತೊಟ್ಟರು.
ಸಿಕ್ಕಿಬಿದ್ದವನ ಕತೆ ಮುಗಿಯುತ್ತದೆ, ಅದು ಅವನ ಪುಣ್ಯ.
ಕಸ ಗುಡಿಸುವವಳು ಬಂದು ಏಳಿ ಅನ್ನುವವರೆಗೆ
ನಾನು ಕೂತೇ ಇದ್ದೆ.

ಲೆ ಗೋಫ್ ಇನ್ನೂ ಹನ್ನೊಂದು ವರ್ಷ ಬದುಕಿದ್ದಳು, ಅದೇ ಕೋಟಿನಲ್ಲಿ.
ದಾರಿಯಲ್ಲಿ ಎದುರಾದಾಗಲೆಲ್ಲ
ಬಲಗಿಸೆ ತಟ್ಟಿ ತೋರಿಸುವಳು:
"ನೋಡು, ಇನ್ನೂ ಗಟ್ಟಿ ಇದೆ."

ಬರೆದುಕೊಂಡಿರಾ?
ಅಸ್ತರು ಸ್ಯಾಟಿನ್ ಅಲ್ಲ, ರೇಷ್ಮೆ ಅಂತ ಬರೆಯಿರಿ.
ಅಷ್ಟಾದರೂ ಸರಿಯಾಗಿರಲಿ.